ಐದು ಕಂಪ್ಯೂಟರಿಗೆ ಒಬ್ಬರೇ ಗುಮಾಸ್ತರು

‘ನೀವು ಇದ್ದೀರಾ?’ ಎಂದು ಕಂಪ್ಯೂಟರು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿತ್ತು. ಕೇಳಿದ ಒಂದು ನಿಮಿಷದೊಳಗೆ ‘ಇದ್ದೇನೆ’ ಎಂಬ ಗುಂಡಿ ಒತ್ತಬೇಕು. ಒತ್ತದಿದ್ದರೆ ಪಾಠ ಮತ್ತೆ ಮೊದಲಿನಿಂದ ಶುರು. ರೆಕಾರ್ಡ್ ರೂಮಿನ ಗುಮಾಸ್ತರ ಆ ದಿನದ ಕಷ್ಟಕ್ಕೆಲ್ಲ ಮೂಲ ಈ ಗುಂಡಿ. ಜೊತೆಗೆ, ಯಾರು ಏನು ಕೇಳಿದರೂ ‘ಆಗಲ್ಲ’ ಎನ್ನಲು ಬಾರದ ಅವರ ನಾಲಿಗೆಯದೂ ಸ್ವಲ್ಪ ಪಾಲಿತ್ತು.

ಅದು ಲಿಫ್ಟ್ ರಿಪೇರಿ ಮಾಡುವ ಕಂಪನಿಯ ಶಾಖಾ ಕಚೇರಿ. ಕಚೇರಿಯ ಕಟ್ಟಡಕ್ಕೆ ಮಾತ್ರ ಲಿಫ್ಟ್ ಇರಲಿಲ್ಲ, ಮೆಟ್ಟಿಲೇ ಗತಿ. ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಹಳೆಯ ರಿಪೇರಿ ಫೈಲುಗಳ ನಡುವೆ ಗುಮಾಸ್ತರು ಹದಿನಾಲ್ಕು ವರ್ಷದಿಂದ ಸೀನುತ್ತಿದ್ದರು. ಫೈಲು ಇಳಿಸಿದರೆ ಮೂರು ಸೀನು, ದಾರ ಬಿಚ್ಚಿದರೆ ಐದು. ಡಾಕ್ಟರು ಔಷಧಿ ಬದಲಿಸಿ ಬದಲಿಸಿ ಸೋತು, ಮೂಗು ಬದಲಿಸಲು ತಮ್ಮಿಂದಾಗದು, ನೀವೇ ಕೋಣೆ ಬದಲಿಸಿ ಎಂದು ಕೈಚೆಲ್ಲಿದ್ದರು.

ಆ ಯೋಗ ಈಗ ಬಂದಿತ್ತು. ಎರಡನೇ ಮಹಡಿಯಲ್ಲಿ ಹೊಸದಾಗಿ ಕಂಪ್ಯೂಟರ್ ವಿಭಾಗ ತೆರೆಯುವವರಿದ್ದರು. ಅಲ್ಲಿ ದೊಡ್ಡ ಕಿಟಕಿ, ಗಾಳಿ, ಬೆಳಕು, ಹುಡುಕಿದರೂ ಧೂಳಿಲ್ಲ. ಅಲ್ಲಿಗೆ ಒಬ್ಬರು ಬೇಕಾಗಿತ್ತು. ಮಾಹಿತಿ ತಂತ್ರಜ್ಞಾನದ ನಾಲ್ಕು ಪಾಠ ಕೇಳಿ, ನಲವತ್ತು ಪ್ರಶ್ನೆಗಳ ಪರೀಕ್ಷೆ ಪಾಸು ಮಾಡಿ ಎಲ್ಲರೂ ಸರ್ಟಿಫಿಕೇಟ್ ಪಡೆಯಲೇಬೇಕು, ಹೆಚ್ಚು ಅಂಕ ಬಂದವರಿಗೆ ಆ ಕುರ್ಚಿ ಎಂದು ಮುಖ್ಯ ಕಚೇರಿ ಆಜ್ಞೆ ಹೊರಡಿಸಿತ್ತು. ಕೊಟ್ಟಿದ್ದು ಒಂದು ತಿಂಗಳು. ಶಾಖೆಯವರು ಶುರು ಮಾಡಿದ್ದು ಕಡೆಯ ದಿನ. ಸಂಜೆ ಐದಕ್ಕೆ ಪರೀಕ್ಷೆ ಮುಚ್ಚುತ್ತದೆ.

ಹೊರಡುವಾಗಲೇ ಹೆಂಡತಿ ಎಚ್ಚರಿಸಿದ್ದಳು. “ಮೊದಲು ನಿಮ್ಮದು ಮುಗಿಸ್ಕೊಳ್ಳಿ. ಆಮೇಲೆ ಬೇಕಾದ್ರೆ ಊರ ಉಸಾಬರಿ ಮಾಡಿ.” ಗುಮಾಸ್ತರು ಆಗಲಿ ಎಂದರು. ಅವರಿಗೆ ಬರುತ್ತಿದ್ದ ಉತ್ತರ ಅದೊಂದೇ.

ಹತ್ತು ಗಂಟೆಗೆ ಕೆಳಗಿಳಿದು ತಮ್ಮ ಕಂಪ್ಯೂಟರಿನಲ್ಲಿ ಮೊದಲ ಪಾಠ ಶುರು ಮಾಡಿದ್ದಷ್ಟೇ, ಮೇಲಿಂದ ಮ್ಯಾನೇಜರರ ಕರೆ ಬಂತು. ಕಾರನ್ನು ಸರ್ವಿಸಿಗೆ ಬಿಡಬೇಕಂತೆ. ತಮ್ಮ ಪಾಠವೂ ಓಡುತ್ತಿದೆ, ಗುಂಡಿ ಕೇಳಿದಾಗ ಒತ್ತಿದರೆ ಸಾಕು, ಹೇಗೂ ಪಾಠದ ವಿಷಯವೆಲ್ಲ ತಮಗೆ ಗೊತ್ತಿರುವುದೇ ಎಂದು ಹೇಳಿ ಅವರು ಬೀಗದ ಕೈ ತಿರುಗಿಸುತ್ತ ಹೊರಟೇಹೋದರು. ಹಿಂದೆಯೇ ಟೈಪಿಸ್ಟ್ ಅಕ್ಕ ಬಂದರು. ಮಗಳಿಗೆ ಬಾಡಿಗೆ ಮನೆ ನೋಡಬೇಕು, ಇವತ್ತು ಬಿಟ್ಟರೆ ಆ ಮನೆ ಕೈತಪ್ಪುತ್ತದೆ. “ಮ್ಯಾನೇಜರದ್ದು ಹೇಗೂ ಒತ್ತುತ್ತೀಯಲ್ಲ ತಮ್ಮಾ, ಪಕ್ಕದಲ್ಲೇ ನಂದೂ ಇದೆ” ಎಂದರು. ಸ್ಟೋರ್‌ಕೀಪರಿಗೆ ಹಲ್ಲುನೋವು. ಹಲ್ಲು ಬಲಗಡೆಯದೋ ಎಡಗಡೆಯದೋ ಎಂದು ಅವನಿಗೇ ನಿರ್ಧಾರವಾಗಿರಲಿಲ್ಲ, ಕೈ ಮಾತ್ರ ಎರಡೂ ಕೆನ್ನೆಗೆ ಓಡಾಡುತ್ತಿತ್ತು. ಅವನೂ ತನ್ನ ಕಂಪ್ಯೂಟರು ಒಪ್ಪಿಸಿ ಹೊರಟ. ಇನ್ನು ರವಾನೆ ವಿಭಾಗದ ಹಿರಿಯರು. ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು. ಅವರು ಎಲ್ಲಿಗೂ ಹೋಗಲಿಲ್ಲ. ಕಂಪ್ಯೂಟರ್ ನೋಡಿದರೆ ಕಣ್ಣು ಉರಿಯುತ್ತದೆಂದು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಗುಮಾಸ್ತರಿಗೆ ನಿಲ್ಲಲು ಜಾಗ ಮಾಡಿಕೊಟ್ಟು, ಪೇಪರು ಬಿಡಿಸಿದರು.

ನಾಲ್ಕು ಕಂಪ್ಯೂಟರು ಮೇಲೆ, ಐದನೆಯದು ಕೆಳಗೆ, ನಡುವೆ ಇಪ್ಪತ್ತೆರಡು ಮೆಟ್ಟಿಲು. ಗುಮಾಸ್ತರು ಬುದ್ಧಿ ಖರ್ಚು ಮಾಡಿ ಒಂದೊಂದನ್ನೂ ಎರಡೆರಡು ನಿಮಿಷದ ಅಂತರದಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಮ್ಯಾನೇಜರರದು ಒತ್ತಿ, ಅಕ್ಕನದು ಒತ್ತಿ, ಸ್ಟೋರಿನದು ಒತ್ತಿ, ಮಾವನದು ಒತ್ತಿ, ಕೆಳಗೋಡಿ ತಮ್ಮದು ಒತ್ತಿ, ಮತ್ತೆ ಮೇಲೋಡಬೇಕು. ಮೊದಲ ಅರ್ಧ ಗಂಟೆ ಎಲ್ಲವೂ ಸಲೀಸಾಗಿ ನಡೆದು, ತಾವು ಎಷ್ಟು ಚುರುಕು ಎಂದು ಅವರಿಗೇ ಹೆಮ್ಮೆಯಾಯಿತು.

ಹನ್ನೊಂದಕ್ಕೆ ಹೆಂಡತಿ ಫೋನು ಮಾಡಿ ಎಷ್ಟಾಯಿತೆಂದು ಕೇಳಿದಳು. ಚೆನ್ನಾಗಿ ಆಗುತ್ತಿದೆ ಎಂದರು. ಯಾಕೆ ಏದುಸಿರು ಎಂದಳು. ಪಾಠ ಸ್ವಲ್ಪ ಕಷ್ಟ ಇದೆ ಎಂದರು. ಅಷ್ಟರಲ್ಲಿ ಕೆಳಗಿನ ಕಂಪ್ಯೂಟರು ಕೇಳಿ, ಉತ್ತರ ಸಿಗದೆ, ಪಾಠವನ್ನು ಮೊದಲಿನಿಂದ ಶುರು ಮಾಡಿತ್ತು.

ಮೂರನೇ ಪಾಠ ಸುರಕ್ಷತೆಯದು. ‘ನಿಮ್ಮ ಕಂಪ್ಯೂಟರಿನ ಮುಂದೆ ಬೇರೆ ಯಾರನ್ನೂ ಕೂರಲು ಬಿಡಬೇಡಿ’ ಎಂದು ಒಂದು ಹೆಣ್ಣುದನಿ ನಾಲ್ಕು ಮೇಜಿನಿಂದ ಎರಡೆರಡು ನಿಮಿಷಕ್ಕೆ ಎಚ್ಚರಿಸುತ್ತಿತ್ತು. ಗುಮಾಸ್ತರು ನಾಲ್ಕೂ ಕಡೆ ವಿಧೇಯರಾಗಿ ತಲೆಯಾಡಿಸಿ, ನಾಲ್ಕೂ ಕಡೆ ಗುಂಡಿ ಒತ್ತಿದರು. ಒಂದೇ ಪಾಠ ನಾಲ್ಕು ಸಲ ಕಿವಿಗೆ ಬಿದ್ದರೆ ಕಲ್ಲಿಗೂ ವಿದ್ಯೆ ಹತ್ತುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಫೈಲು ಜೋಪಾನ ಮಾಡುವುದರಿಂದ ಹಿಡಿದು ಮೋಸದ ಮೇಲ್ ಗುರುತಿಸುವವರೆಗೆ ಎಲ್ಲವೂ ಬಾಯಿಪಾಠವಾಗಿತ್ತು. ಆದರೆ ಕೆಳಗಿನ ಕಂಪ್ಯೂಟರಿಗೆ ಅದು ಗೊತ್ತಾಗುವುದು ಹೇಗೆ? ಅದು ಇನ್ನೂ ಎರಡನೇ ಪಾಠದಲ್ಲಿ ‘ಇದ್ದೀರಾ?’ ಎನ್ನುತ್ತಿತ್ತು.

ಒಂದೂಮುಕ್ಕಾಲಿಗೆ ಮೇಲಿನ ನಾಲ್ಕೂ ಕಂಪ್ಯೂಟರು ಪಾಠ ಮುಗಿಸಿದವು. ಗುಮಾಸ್ತರು ಫೋನಿನಲ್ಲಿ ಮ್ಯಾನೇಜರರಿಗೆ ತಿಳಿಸಿದರು. ಮ್ಯಾನೇಜರರು ಅಕ್ಕರೆಯಿಂದ, “ಇಷ್ಟು ಮಾಡಿದ್ದೀರಿ. ಪರೀಕ್ಷೆನೂ ಒಂದು ಕೈ ನೋಡಿಬಿಡಿ” ಎಂದರು. ದಾಕ್ಷಿಣ್ಯಕ್ಕೆ ಬಸಿರಾದವಳ ಗಾದೆ ಗುಮಾಸ್ತರಿಗೆ ಗೊತ್ತಿತ್ತು, ಆದರೆ ಅದು ತಮಗೆ ಅನ್ವಯಿಸುತ್ತದೆಂದು ಎಂದೂ ಹೊಳೆದಿರಲಿಲ್ಲ.

ಮ್ಯಾನೇಜರರ ಪರೀಕ್ಷೆಯನ್ನು ಅವರು ಭಯಭಕ್ತಿಯಿಂದ, ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿ ಬರೆದರು. ಪ್ರಶ್ನೆ ಎಲ್ಲರಿಗೂ ಒಂದೇ ಆದ್ದರಿಂದ ಉತ್ತರಗಳನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರು. ಮೂವತ್ತೆಂಟು ಅಂಕ ಬಂತು. ತಪ್ಪಿದ ಎರಡು ಯಾವುವೆಂದು ಕಂಪ್ಯೂಟರೇ ತೋರಿಸಿತು. ಅವನ್ನು ಚೀಟಿಯಲ್ಲಿ ತಿದ್ದಿಟ್ಟುಕೊಂಡರು. ಬೇರೆಯವರಿಗಲ್ಲ, ತಮಗೆ ಮಾತ್ರ. ಮನುಷ್ಯ ಒಳ್ಳೆಯವನಾದರೂ ಸನ್ಯಾಸಿಯೇನಲ್ಲ. ನಲವತ್ತಕ್ಕೆ ನಲವತ್ತು ಬರುತ್ತದೆ, ಕಿಟಕಿ ತಮ್ಮದಾಗುತ್ತದೆ, ಕರವಸ್ತ್ರವನ್ನು ಇನ್ನು ಬರೀ ಮುಖ ಒರೆಸಲು ಬಳಸಬಹುದು ಎಂದು ಅವರ ಎದೆ ಹಿಗ್ಗಿತು.

ಉಳಿದ ಮೂರು ಪರೀಕ್ಷೆಗಳು ಚೀಟಿ ನೋಡಿಕೊಂಡು ಸರಸರನೆ ಮುಗಿದವು. ಮ್ಯಾನೇಜರರಿಗೆ ಬೇಜಾರಾಗಬಾರದೆಂದು ಅಕ್ಕನಿಗೆ ಒಂದು ಅಂಕ ಕಡಿಮೆ ಬರುವ ಹಾಗೆ, ಮಾವನಿಗೆ ಅಷ್ಟು ಬಂತೆಂದರೆ ಯಾರೂ ನಂಬುವುದಿಲ್ಲವೆಂದು ಆರು ಕಡಿಮೆ ಬರುವ ಹಾಗೆ ನೋಡಿಕೊಂಡರು. ಸ್ಟೋರ್‌ಕೀಪರನದು ಕೊನೆಯದು. ಅಷ್ಟರಲ್ಲಿ ಕೈ ಪಳಗಿತ್ತು, ಅವಸರವೂ ಇತ್ತು. ನಲವತ್ತೂ ಪ್ರಶ್ನೆ ಆರೇ ನಿಮಿಷದಲ್ಲಿ ಮುಗಿದು, ಅಂಕ ಕಡಿಮೆ ಮಾಡುವುದು ಮರೆತೇಹೋಗಿ, ಅವನಿಗೂ ಮ್ಯಾನೇಜರರಷ್ಟೇ ಮೂವತ್ತೆಂಟು ಬಂತು.

ಮೂರಕ್ಕೆ ಹೋದ ಮೂವರೂ ಬಂದು ತಂತಮ್ಮ ಜಾಗದಲ್ಲಿ ಕುಳಿತರು. ಅಂಕ ನೋಡಿ ಎಲ್ಲರಿಗೂ ಸಂತೋಷ. ಮಾವ ಮಾತ್ರ ತಮಗೆ ಮೂವತ್ತೆರಡೇ ಯಾಕೆ ಎಂದು ಮುಖ ಗಂಟಿಕ್ಕಿದರು. ಸರ್ಟಿಫಿಕೇಟ್ ಪ್ರಿಂಟು ತೆಗೆಯಲು ಯಾರಿಗೂ ಬರುತ್ತಿರಲಿಲ್ಲ. ಅದನ್ನೂ ಗುಮಾಸ್ತರೇ ತೆಗೆದುಕೊಟ್ಟರು. ಅಷ್ಟರಲ್ಲಿ ಕೆಳಗೆ ಅವರ ನಾಲ್ಕನೇ ಪಾಠ ಇನ್ನೊಮ್ಮೆ ಹಿಂದಕ್ಕೆ ಹೋಗಿತ್ತು.

ಈ ಸಲ ಗುಮಾಸ್ತರು ಗಟ್ಟಿ ಮನಸ್ಸು ಮಾಡಿ ಕೆಳಗೇ ಕುಳಿತರು. ಮೇಲಿನಿಂದ ಯಾರೋ ಎರಡು ಸಲ ಕೂಗಿದರೂ ಓಗೊಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಆ ಕೂಗು ಮುಖ್ಯ ಕಚೇರಿಯಿಂದ ತರಬೇತಿಯ ಅಧಿಕಾರಿ ಬಂದಿದ್ದಾರೆಂದು ತಿಳಿಸಲು ಎಂಬುದು ಹೀಗಾಗಿ ಅವರಿಗೆ ಗೊತ್ತಾಗಲಿಲ್ಲ.

ನಾಲ್ಕು ನಲವತ್ತಕ್ಕೆ ಪಾಠ ಮುಗಿದು ಪರೀಕ್ಷೆ ತೆರೆಯಿತು. ಇನ್ನು ಇಪ್ಪತ್ತು ನಿಮಿಷ, ಬೇಕಾದದ್ದು ಆರು. ಗುಮಾಸ್ತರು ಬಾಗಿಲ ಕಡೆಗೆ ಬೆನ್ನು ಹಾಕಿ, ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲೆ ನೀಟಾಗಿ ಹರಡಿಕೊಂಡರು. ಮೂರನೇ ಪ್ರಶ್ನೆಗೆ ಉತ್ತರ ಒತ್ತುವಾಗ ಒಂದು ಸೀನು ಕೇಳಿಸಿತು. ಅಭ್ಯಾಸಬಲದಿಂದ ಕರವಸ್ತ್ರಕ್ಕೆ ಕೈಹಾಕಿದ ಮೇಲೆ, ಸೀನು ತಮ್ಮದಲ್ಲ ಎಂದು ಹೊಳೆಯಿತು.

ಹಿಂದೆ ಅಧಿಕಾರಿ ಮೇಡಂ ನಿಂತಿದ್ದರು. ಅವರ ಹಿಂದೆ ಮೆಟ್ಟಿಲ ಮೇಲೆ ಮ್ಯಾನೇಜರರು, ಅಕ್ಕ, ಮಾವ, ಸ್ಟೋರ್‌ಕೀಪರ್, ಸಾಲಾಗಿ ಮಕ್ಕಳು ನಿಂತ ಹಾಗೆ ನಿಂತಿದ್ದರು. ಮೇಡಂ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ, “ಏನಿದು?” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವಂತೆ ನಾಲ್ವರ ಕೈಯೂ ತಂತಮ್ಮ ಸರ್ಟಿಫಿಕೇಟಿಗೆ ಹೋಯಿತು.

“ಉತ್ತರ ಎಲ್ಲಾ ನನ್ನದೇ ಮೇಡಂ” ಎಂದರು ಗುಮಾಸ್ತರು. ಅವರು ಆ ದಿನ ಆಡಿದ ಅಪ್ಪಟ ಸತ್ಯ ಅದೊಂದೇ.

“ನಿಮ್ಮದೇ ಆಗಿದ್ರೆ ಪರೀಕ್ಷೆಗೆ ಮೊದಲೇ ನಿಮ್ಮ ಕೈಗೆ ಹೇಗೆ ಬಂತು? ಮೇಲೆ ನಾಲ್ಕು ಜನ ಬೆಳಿಗ್ಗೆಯಿಂದ ಕೂತು ಓದಿದ್ದಾರೆ. ಅವರದ್ದನ್ನ ನೋಡಿ ಬರ್ಕೊಂಡು ಬಂದಿದ್ದೀರಿ.”

ಗುಮಾಸ್ತರು ಮ್ಯಾನೇಜರರ ಮುಖ ನೋಡಿದರು. ಮ್ಯಾನೇಜರರು ಸೂರು ನೋಡಿದರು. ಅಕ್ಕ ಸೆರಗು ಸರಿಪಡಿಸಿಕೊಂಡರು. ಮಾವನಿಗೆ ಕಣ್ಣು ಉರಿಯತೊಡಗಿತು. ಸ್ಟೋರ್‌ಕೀಪರನ ಕೈ ಕೆನ್ನೆಗೆ ಹೋಯಿತು. ಬಾಯಿಬಿಟ್ಟರೆ ನಾಲ್ಕು ಜನರ ಕೆಲಸಕ್ಕೆ ಕುತ್ತು, ಮುಚ್ಚಿದರೆ ತಮ್ಮ ಕಿಟಕಿಗೆ. ಗುಮಾಸ್ತರಿಗೆ ಅಳು ಬಂದಂತಾಯಿತು. ಮುಚ್ಚಿಯೇ ಇದ್ದರು.

ಆಗ ಮ್ಯಾನೇಜರರು ದೊಡ್ಡ ಮನಸ್ಸು ಮಾಡಿ, ಮೇಡಂ, ಆಳು ಒಳ್ಳೆಯವರು, ಇದೊಂದು ಸಲ ಕ್ಷಮಿಸಿ ಎಂದು ಶಿಫಾರಸು ಮಾಡಿದರು. ಅದರಿಂದ ಕೆಲಸ ಉಳಿಯಿತು. ಆದರೆ ಒಂದು ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ, ಅಲ್ಲಿಯವರೆಗೆ ರೆಕಾರ್ಡ್ ರೂಮೇ ಎಂದು ಮೇಡಂ ತೀರ್ಪು ಕೊಟ್ಟರು. ಎರಡನೇ ಮಹಡಿಯ ಕುರ್ಚಿ, ಮ್ಯಾನೇಜರರಷ್ಟೇ ಅಂಕ ಬಂದರೂ ನಲವತ್ತು ಪ್ರಶ್ನೆಗಳಿಗೆ ಆರೇ ನಿಮಿಷದಲ್ಲಿ ಉತ್ತರಿಸಿದ ಸ್ಟೋರ್‌ಕೀಪರನಿಗೆ ಹೋಯಿತು. ಇಂಥ ತಲೆಯನ್ನು ಇಷ್ಟು ದಿನ ಬೋಲ್ಟು ಎಣಿಸಲು ಕೂರಿಸಿದ್ದೇ ತಪ್ಪು ಎಂದು ಮೇಡಂ ನೊಂದುಕೊಂಡರು. ಹೋಗುವ ಮುಂಚೆ ಇನ್ನೊಂದು ಆಜ್ಞೆಯನ್ನೂ ಬರೆಸಿದರು. ಬಲ್ಲವರು ಬಾರದವರಿಗೆ ಕಲಿಸಬೇಕು. ಆದ್ದರಿಂದ ನಾಳೆಯಿಂದ ಸ್ಟೋರ್‌ಕೀಪರ್ ದಿನಕ್ಕೆ ಒಂದು ಗಂಟೆ ಗುಮಾಸ್ತರಿಗೆ ಕಂಪ್ಯೂಟರ್ ಪಾಠ ಹೇಳತಕ್ಕದ್ದು.

ಐದು ಹೊಡೆಯಿತು. ಗುಮಾಸ್ತರು ಮೂರು ಸಲ ಸೀನಿ, ಚೀಲ ಹೆಗಲಿಗೇರಿಸಿ, ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ದೀಪ ಆರಿಸಲು ಹೋದರು. ಬಾಗಿಲಲ್ಲಿ ಸ್ಟೋರ್‌ಕೀಪರ್ ನಿಂತಿದ್ದ. ಹಲ್ಲುನೋವು ಪೂರ್ತಿ ವಾಸಿಯಾದಂತಿತ್ತು.

“ಅಣ್ಣಾ, ನಾಳೆಯಿಂದ ನಿಮಗೆ ನಾನು ಪಾಠ ಹೇಳಬೇಕಂತೆ” ಎಂದ. “ಒಂದು ಹತ್ತು ನಿಮಿಷ ಇರ್ತೀರಾ? ಏನು ಹೇಳ್ಬೇಕು ಅಂತ ಸ್ವಲ್ಪ ಹೇಳಿಕೊಡಿ.”

ಗುಮಾಸ್ತರು ಚೀಲ ಕೆಳಗಿಟ್ಟು, ಆಗಲಿ ಎಂದರು.