ಡೆಲ್ಲಿಯಿಂದ ಬಂದ ಓಲಗ

ತುಡಿಯಲೂರಿನ ನಮ್ಮ ಬೀದಿಗೆ ಮೊಟ್ಟಮೊದಲ ಟಿ.ವಿ. ತಂದ ಮಹಾಪುರುಷ ನಾನೇ! ತಂದ ದಿನವೇ ಒಂದು ಘೋರ ಪ್ರತಿಜ್ಞೆಯನ್ನೂ ಮಾಡಿದೆ. ಇನ್ನು ಮುಂದೆ ದೇಶದ ಸುದ್ದಿ ಈ ಬೀದಿಯನ್ನು ಹೊಕ್ಕರೆ ಈ ಮುತ್ತುಸಾಮಿಯ ಬಾಯಿಯಿಂದಲೇ ಹೊಗತಕ್ಕದ್ದು!

ಒಂದೇ ಒಂದು ತೊಡಕು. ಎಂಬತ್ತರ ಆ ದಶಕದಲ್ಲಿ ನಮ್ಮ ಕಡೆಯ ಆಂಟೆನಾಗಳಿಗೆ ಸಿಗುತ್ತಿದ್ದುದು ಡೆಲ್ಲಿಯ ಕಾರ್ಯಕ್ರಮ. ಡೆಲ್ಲಿ ಮಾತಾಡುತ್ತಿದ್ದುದು ಹಿಂದಿ. ನನಗೆ ಬರುತ್ತಿದ್ದ ಹಿಂದಿ 'ನಮಸ್ತೆ' ಮತ್ತು 'ಅಚ್ಛಾ'.

ಆದರೂ ನಾನು ಹಿಂದಿ ಪಂಡಿತನಾದೆ. ಅದಕ್ಕೆ ಹೊಣೆ ಪಕ್ಕದ ಮನೆಯ ವೇಲುಸಾಮಿ. ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಪ್ಪಟ ತಮಿಳಿನವನು. ಮೊದಲ ದಿನವೇ, "ಏನುಂಗೊ, ನೀಂಗ ಕನ್ನಡಕ್ಕಾರರ್. ಹಿಂದಿ ಉಂಗಳುಕ್ಕು ಪಕ್ಕಂದಾನುಂಗೊ?" ಅಂದ. ನೀವು ಕನ್ನಡದವರು, ಹಿಂದಿ ನಿಮಗೆ ಪಕ್ಕದ್ದೇ ಅಲ್ಲವೇ ಎಂದು. ಕನ್ನಡವೂ ಬಡಗಲಿನದು, ಹಿಂದಿಯೂ ಬಡಗಲಿನದು, ಹಾಗಾಗಿ ಎರಡೂ ಅಕ್ಕಪಕ್ಕದ ಮನೆ ಎಂಬುದು ಅವನ ಭೂಗೋಳ! ನಮ್ಮ ಹಿರಿಯರು ಮಗ್ಗ ಕಟ್ಟಿಕೊಂಡು ಈ ತಮಿಳು ಸೀಮೆಗೆ ಬಂದು ಎಷ್ಟು ತಲೆಮಾರಾಯಿತೋ ದೇವರಿಗೇ ಗೊತ್ತು. ಮನೆಯೊಳಗೆ ಕಲಬೆರಕೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರವೇ ಆಗ ನನಗೆ ಬರುತ್ತಿರಲಿಲ್ಲ, ಇನ್ನು ಹಿಂದಿ! ಆದರೆ ಇಡೀ ಬೀದಿ ಬಾಯಿ ನೋಡುತ್ತಿರುವಾಗ ಬರುವುದಿಲ್ಲ ಅನ್ನಲು ನಾಲಗೆ ಒಪ್ಪೀತೇ? "ಆಮಾ, ಆಮಾ!" ಎಂದು ಹೂಂಗುಟ್ಟಿಬಿಟ್ಟೆ.

ಅಂದಿನಿಂದ ಶುರುವಾಯಿತು ನನ್ನ ಪ್ರವಚನ. ಮಂತ್ರಿ ರಿಬ್ಬನ್ ಕತ್ತರಿಸಿದರೆ ಹೊಸ ಅಣೆಕಟ್ಟು. ಪಾರ್ಲಿಮೆಂಟಿನಲ್ಲಿ ಇಬ್ಬರು ಕೈ ಎತ್ತಿ ಕೂಗಿದರೆ ನೀರಿನ ಜಗಳ. ಕೋಳಿಜುಟ್ಟಿನಂತೆ ಕೂದಲು ನಿಲ್ಲಿಸಿಕೊಂಡ ಫಾರಿನ್ ಹಾಡುಗಾರನೊಬ್ಬ ಬಂದಾಗ, "ಪಳನಿಗೆ ಮುಡಿ ಕೊಡೋ ಹರಕೆ ಹೊತ್ತಿದ್ದಾನೆ" ಅಂದೆ. ಹೆಂಗಸರು ಕೈ ಮುಗಿದರು!

ನನ್ನ ಹೆಂಡತಿ ರಾಜಾಮಣಿ ಮಾತ್ರ ಕೈ ಮುಗಿಯಲಿಲ್ಲ. "ಇಲ್ನೋಡಿ, ನಿಮಗೆ ಹಿಂದಿ ಯಾವಾಗ ಬಂತು?" ಅಂದಳು.

"ರಕ್ತದಲ್ಲೇ ಐತೆ!"

"ರಕ್ತದಲ್ಲಿ ಸಕ್ಕರೆ ಐತೆ ಅಂತ ಡಾಕ್ಟ್ರು ಹೇಳಿದ್ರು. ಹಿಂದಿ ವಿಷಯ ಹೇಳ್ಲಿಲ್ಲ."

ಹೀಗಿರುವಾಗ ರಾಜಾಮಣಿಯ ತಂಗಿ ವಳ್ಳಿಯಮ್ಮನನ್ನು ನೋಡಲು ವೆಳ್ಳಕೋಯಿಲಿನಿಂದ ಗಂಡಿನ ಕಡೆಯವರು ಬಂದರು. ತಂದೆತಾಯಿಯಿಲ್ಲದ ಹುಡುಗಿ, ನಮ್ಮ ಮನೆಯಲ್ಲೇ ಬೆಳೆದವಳು. ಬಂದ ಸಂಬಂಧಗಳೆಲ್ಲ ಏನೇನೋ ನೆಪದಲ್ಲಿ ಮುರಿದಿದ್ದವು. ಈ ಹುಡುಗನನ್ನು ಮಾತ್ರ ಅವಳೇ ಮದುವೆಯೊಂದರಲ್ಲಿ ನೋಡಿ ಮೆಚ್ಚಿದ್ದಳು. ಇದೂ ತಪ್ಪಿದರೆ ಮತ್ತೆ ಯಾರ ಮುಂದೆಯೂ ಕೂರುವುದಿಲ್ಲ ಎಂದು ಅಕ್ಕನ ಹತ್ತಿರ ಅತ್ತಿದ್ದಳಂತೆ.

"ತಟ್ಟೆ ಬದಲಾಯಿಸೋ ತನಕ ನೀವು ಬಾಯಿ ತೆಗೀಬಾರದು" ಎಂದು ರಾಜಾಮಣಿ ಅಪ್ಪಣೆ ಮಾಡಿದಳು. ವೀಳ್ಯ, ಹೂವು, ಸೀರೆಯಿಟ್ಟ ತಟ್ಟೆಗಳನ್ನು ಎರಡೂ ಕಡೆಯವರು ಕೈಯಿಂದ ಕೈಗೆ ಬದಲಾಯಿಸಿಕೊಂಡರೆ ನಮ್ಮಲ್ಲಿ ಮದುವೆ ಅರ್ಧ ಆದ ಹಾಗೆ.

ಹುಡುಗ ತಲೆ ತಗ್ಗಿಸಿ ಕೂತಿದ್ದ. ಎಷ್ಟು ನಾಚಿಕೆ, ಎಂಥ ಸಂಸ್ಕಾರ ಅಂದುಕೊಂಡೆ. ಅವನ ತಾಯಿ ಜಾನಕಿಯಮ್ಮ ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತಿದ್ದರು. ಅಷ್ಟರಲ್ಲಿ ವೇಲುಸಾಮಿ ಬಾಗಿಲಲ್ಲಿ ಹಾಜರ್! ಇವತ್ತು ಸಿನಿಮಾ ಹಾಡಿನ ದಿನ, ಅದಕ್ಕೂ ಮುಂಚೆ ನಮ್ಮ ಮುತ್ತುಸಾಮಿಯವರ ಹಿಂದಿ ಕೇಳಿ ಎಂದು ನೆಂಟರ ಮುಂದೆ ಹೊಗಳಿಬಿಟ್ಟ.

ಹೊಗಳಿಕೆಗೆ ಸೋಲದವನು ಯಾರು? ಟಿ.ವಿ. ಹಾಕಿದೆ. ರಾಜಾಮಣಿ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಕೆರಳಿಸಿದಳು. ನಾನು ಕಾಣದವನಂತೆ ಕೂತೆ.

ಪರದೆಯ ಮೇಲೆ ಎಂದಿನಂತೆ ಚುಕ್ಕಿಗಳ ಸುರಿಮಳೆ. ನಡುವೆ ಯಾರೋ ವಯಸ್ಸಾದ ನಾಯಕರು ಕಂಡರು. ಹಾರ ಹಾಕಿಸಿಕೊಂಡರು, ಚರಕ ತಿರುಗಿಸಿದರು, ಭಾಷಣ ಮಾಡಿದರು. ಜನವೋ ಜನ! ಮಂತ್ರಿಗಳೆಲ್ಲ ಸಾಲಾಗಿ ಹೂವು ಹಿಡಿದು ಬರುತ್ತಿದ್ದರು.

"ಇವರಿಗೆ ಇವತ್ತು ತುಂಬಾ ದೊಡ್ಡ ಪದವಿ ಸಿಕ್ಕಿದೆ!" ಎಂದು ಘೋಷಿಸಿದೆ. "ದೇಶವೆಲ್ಲ ಹೂವು ತಂದು ಸನ್ಮಾನ ಮಾಡ್ತಾ ಇದೆ!"

"ಸುದ್ದಿ ಓದೋ ಅಮ್ಮ ಯಾಕೆ ಮುಖ ಬಾಡಿಸ್ಕೊಂಡವ್ಳೆ?" ಎಂದಳು ರಾಜಾಮಣಿ.

"ಡೆಲ್ಲಿ ಮರ್ಯಾದೆ ಅದು! ಅಲ್ಲಿ ದೊಡ್ಡವರ ವಿಷಯ ಹೇಳುವಾಗ ಹಲ್ಲು ಬಿಡಬಾರದು."

ಜಾನಕಿಯಮ್ಮ ಒಮ್ಮೆ ನನ್ನನ್ನು ನೋಡಿ ಮತ್ತೆ ಎಲೆಗೆ ಸುಣ್ಣ ಹಚ್ಚಿದರು. ಮೆಚ್ಚಿಕೊಂಡರು ಅಂದುಕೊಂಡು ನಾನು ಇನ್ನಷ್ಟು ಉಬ್ಬಿದೆ.

ಸುದ್ದಿ ಮುಗಿಯಿತು. ಹಾಡು ಬರಲಿಲ್ಲ! ಬದಲಿಗೆ ಒಬ್ಬರು ಕಣ್ಣು ಮುಚ್ಚಿಕೊಂಡು, ನಮ್ಮ ನಾದಸ್ವರದ ತಮ್ಮನಂತಿದ್ದ ಒಂದು ವಾದ್ಯವನ್ನು ನಿಧಾನವಾಗಿ ಊದತೊಡಗಿದರು. ವೇಲುಸಾಮಿ ಪೆಚ್ಚಾಗಿ ನನ್ನ ಮುಖ ನೋಡಿದ. ಪಂಡಿತ ಸುಮ್ಮನಿರಲಾದೀತೇ?

"ಮಂಗಳವಾದ್ಯ! ಪದವಿ ಸಿಕ್ಕಿದ್ದಕ್ಕೆ ಊದಿಸ್ತಿದ್ದಾರೆ. ನಮ್ಮ ವಳ್ಳಿಯಮ್ಮನ ಅದೃಷ್ಟ ನೋಡಿ! ಡೆಲ್ಲಿಯಿಂದಲೇ ಓಲಗ ಬಂದಿದೆ. ಇಂಥ ಮುಹೂರ್ತ ಮತ್ತೆ ಸಿಗಲ್ಲ, ತಟ್ಟೆ ತನ್ನಿ!"

ನಾನೇ ಎದ್ದು ತಟ್ಟೆ ಎತ್ತಿ ಜಾನಕಿಯಮ್ಮನ ಮುಂದೆ ಚಾಚಿದೆ. ಅವರು ಕೈ ನೀಡಲಿಲ್ಲ.

"ಮೊದ್ಲು ಆ ಪೆಟ್ಟಿಗೆ ನಿಲ್ಸಿ" ಅಂದರು. "ಸಾವಿನ ಮನೆ ವಾದ್ಯ ಕೇಳ್ಕೊಂಡು ಯಾರಾದ್ರೂ ತಟ್ಟೆ ಬದಲಾಯಿಸ್ತಾರಾ?"

"ಸಾ... ಸಾವಾ?"

"ಆಮಾ. ನಮ್ಮೆಜಮಾನ್ರು ಬೊಂಬಾಯಿ ಮಿಲ್ಲಲ್ಲಿ ಇದ್ರು. ನಾನೂ ಅಲ್ಲೇ ಸಂಸಾರ ಮಾಡ್ದೋಳು, ಇವನು ಹುಟ್ಟಿದ್ದೂ ಅಲ್ಲೇ. ಹಿಂದಿ ನಮಗೆ ತಿಳೀತೈತೆ. ಆ ದೊಡ್ಡೋರು ಇವತ್ತು ಮಧ್ಯಾಹ್ನ ತೀರ್ಕೊಂಡವ್ರೆ, ಅದಕ್ಕೇ ಹಾಡು ನಿಲ್ಸಿ ಇದನ್ನ ಊದಿಸ್ತಾ ಅವ್ರೆ. ನೀವ್ ಹೇಳಿದ್ದೂ ಸುಳ್ಳಲ್ಲ, ಪದವಿ ಸಿಕ್ಕೈತೆ. ಶಿವಲೋಕ ಪದವಿ!"

ಹುಡುಗ ತಲೆ ಎತ್ತಿದ. ಕಣ್ಣಲ್ಲಿ ನೀರು, ತುಟಿಗೊತ್ತಿದ ಕರ್ಚೀಫು. ನಾನು ನಾಚಿಕೆ ಅಂದುಕೊಂಡಿದ್ದು, ಅವನು ಆರಂಭದಿಂದ ತಡೆಹಿಡಿದಿದ್ದ ನಗು!

ಚಾಚಿದ ತಟ್ಟೆಯನ್ನು ಹಿಂದಕ್ಕೆಳೆದುಕೊಂಡೆ. ವೀಳ್ಯದೆಲೆ ಜಾರಿ ನೆಲಕ್ಕೆ ಬಿತ್ತು. ಒಳಗಿನಿಂದ ವಳ್ಳಿಯಮ್ಮನ ಬಿಕ್ಕು ಕೇಳಿಸಿತು. ಆ ಕ್ಷಣದವರೆಗೆ ನಗೆಪಾಟಲಾದದ್ದು ನನ್ನೊಬ್ಬನ ಮರ್ಯಾದೆ ಅಂದುಕೊಂಡಿದ್ದೆ. ಆ ಬಿಕ್ಕು ಕೇಳಿದ ಮೇಲೆ ನಿಜವಾದ ನಾಚಿಕೆ ಬಂತು. ಅಪ್ಪನ ಜಾಗದಲ್ಲಿ ನಿಂತು ಆ ಹುಡುಗಿಗೆ ನಾನು ಸಾವಿನ ಓಲಗ ಊದಿಸಿದ್ದೆ. ವೇಲುಸಾಮಿ ಯಾವಾಗ ಚಪ್ಪಲಿ ಮೆಟ್ಟಿ ಹೋದನೋ ಗೊತ್ತಾಗಲಿಲ್ಲ.

"ಅಮ್ಮಾ, ನನಗೆ ಹಿಂದಿ ಬರಲ್ಲ" ಅಂದೆ. "ಒಂದು ಅಕ್ಷರವೂ ಬರಲ್ಲ. ನನ್ನ ಬಾಯಿಯ ತಪ್ಪಿಗೆ ಹುಡುಗಿಯನ್ನು ಬೇಡ ಅನ್ನಬೇಡಿ."

"ಹಿಂದಿ ಬರಲ್ಲ ಅಂತ ಆ ಪಳನಿ ಹರಕೆ ಕಥೆ ನಮ್ಮೂರಿಗೆ ಬಂದಾಗ್ಲೇ ಗೊತ್ತಾಯ್ತು" ಎಂದು ಜಾನಕಿಯಮ್ಮ ಎದ್ದು ನಿಂತರು. "ನೆಂಟ್ರ ಮನೇಲಿ ನೆಂಟ್ರ ಮಾನ ತೆಗೀಬಾರದು ಅಂತ ಸುಮ್ನಿದ್ದೆ. ತಟ್ಟೆಗೇ ಕೈ ಹಾಕ್ಬಿಟ್ರಿ, ಇನ್ನೇನ್ ಮಾಡ್ಲಿ? ವಳ್ಳಿ, ಅಳಬೇಡ ಕಣಮ್ಮ. ನೀನು ನಮಗೆ ಒಪ್ಪಿಗೆ. ಶುಕ್ರವಾರ ಎಲ್ರೂ ವೆಳ್ಳಕೋಯಿಲಿಗೆ ಬನ್ನಿ, ಅಲ್ಲೇ ತಟ್ಟೆ ಬದಲಾಯಿಸೋಣ. ಆದ್ರೆ ಒಂದು ಕಂಡೀಷನ್."

ಹೊಟ್ಟೆ ಹೊರೆಯುವ ಮಗ್ಗವನ್ನೇ ಮಾರಲು ಹೇಳಿದರೂ ಮಾರಿಬಿಡುವೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. "ಹೇಳಿ" ಅಂದೆ.

"ಮದುವೇಲಿ ಅಯ್ಯರು ಮಂತ್ರ ಹೇಳುವಾಗ, ನೀವು ಅರ್ಥ ಹೇಳಬಾರದು!"

ನಾನು ತಲೆಯಾಡಿಸಿದೆ. ತಟ್ಟೆ ಇನ್ನೂ ಬದಲಾಗಿರಲಿಲ್ಲವಲ್ಲ, ಬಾಯಿ ತೆಗೆಯಲು ರಾಜಾಮಣಿಯ ಅಪ್ಪಣೆ ಇರಲಿಲ್ಲ.