ಬೆಲ್ಲವಿಲ್ಲದ ಸಾರು ಮತ್ತು ಇತರ ಅಪರಾಧಗಳು

ಯಾವ ನಡತೆಯೂ ತಾನಾಗಿಯೇ ವಿಪಥಗಾಮಿಯಲ್ಲ, ನೋಡುವ ಸಮಾಜ ಅದಕ್ಕೆ ಆ ಹೆಸರಿಡುತ್ತದೆ ಎಂದು ಕಾಲೇಜಿನಲ್ಲಿ ವರ್ಷವರ್ಷವೂ ಸಮಾಜಶಾಸ್ತ್ರದ ಪಾಠ ಹೇಳಿದವಳು ನಾನು. ಸಂಜೆ ಮನೆಗೆ ಬಂದರೆ ನೆರೆಹೊರೆಯವರು ಅದೇ ಪಾಠವನ್ನು ನನಗೆ ಹೇಳುತ್ತಿದ್ದರು.

ತೊಂಬತ್ತರ ದಶಕ. ಪತಿಗೆ ಬ್ಯಾಂಕಿನ ವರ್ಗಾವಣೆಯಾಗಿ ಸೂರತ್‌ನಿಂದ ವಡೋದರಾಕ್ಕೆ ಬಂದು, ಫತೇಗಂಜ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಬಾಡಿಗೆಗಿದ್ದೆವು. ಹನ್ನೊಂದು ತಿಂಗಳ ಕರಾರು ಮುಗಿಯುತ್ತ ಬಂದಿತ್ತು. ಮಗಳ ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿತ್ತು. ಸೊಸೈಟಿಯ ಸಮಿತಿ ಒಪ್ಪದಿದ್ದರೆ ಮನೆ ಖಾಲಿ ಮಾಡಬೇಕು. ಷರತ್ತು ಒಂದೇ: ನಮ್ಮ ನಡತೆಯ ಬಗ್ಗೆ ದೂರಿರಬಾರದು.

೧. ಬೆಲ್ಲ

ಎದುರುಮನೆಯಾಕೆಗೆ ಒಂದು ಬಟ್ಟಲು ಸಾರು ಕೊಟ್ಟೆ. ನಮ್ಮ ಮನೆಯ ಸಾರಿಗೆ ಬೆಲ್ಲ ಬೀಳುವುದಿಲ್ಲ; ಅಲ್ಲಿಯವರ ದಾಲ್ ಬೆಲ್ಲವಿಲ್ಲದೆ ಆಗುವುದಿಲ್ಲ. ಮರುದಿನ ಆಕೆ ಬೆಲ್ಲದ ಅಚ್ಚು ಹಿಡಿದು ಬಂದರು.

“ಮನೆಯಲ್ಲಿ ಜಗಳವೇ, ಬೇನ್?”

“ಇಲ್ಲವಲ್ಲ.”

“ಮತ್ತೆ ಭಾಯಿಗೆ ಇಂಥ ದಾಲ್ ಯಾಕೆ ಬಡಿಸಿದಿರಿ?”

೨. ಪರ್ಮಿಟ್

ಅದು ಪಾನನಿಷೇಧದ ರಾಜ್ಯ. ಮೇಲ್ಮಹಡಿಯ ಹಿರಿಯರಂತೂ ನಮ್ಮ ಬೆಳ್ಳುಳ್ಳಿ ಒಗ್ಗರಣೆಗೇ ಮೂಗು ಮುಚ್ಚಿಕೊಳ್ಳುವವರು. ಒಂದು ದಿನ ಮೆಟ್ಟಿಲಲ್ಲಿ ತಡೆದು, ದನಿ ತಗ್ಗಿಸಿ ಕೇಳಿದರು: “ನೀವು ಹೊರರಾಜ್ಯದವರು. ಮದ್ಯದ ಪರ್ಮಿಟ್ ಸಿಗುತ್ತದಲ್ಲ?”

“ನಾವು ಕುಡಿಯುವವರಲ್ಲ,” ಎಂದೆ, ತಲೆಯೆತ್ತಿ.

“ನೀವು ಕುಡಿಯಬೇಕೆಂದು ಯಾರು ಹೇಳಿದರು, ಬೇನ್? ನೆರೆಯವರಿಗೆ ಇಷ್ಟು ಉಪಕಾರವೂ ಮಾಡಬಾರದೇ?”

ಅಂದಿನಿಂದ ನಮಗೆ ‘ಬೆರೆಯದ ಜನ’ ಎಂಬ ಹೆಸರಾಯಿತು.

೩. ಸಂಬಂಧ

ಕೊನೆಗೆ ಸಮಿತಿ ನನ್ನನ್ನು ಕರೆಸಿತು. ಕಾರ್ಯದರ್ಶಿ ನಮ್ಮ ಅರ್ಜಿ ಹಿಡಿದು ಕೂತಿದ್ದರು.

“ಬೆಲ್ಲ, ಬೆಳ್ಳುಳ್ಳಿ ಬಿಡಿ. ಇಲ್ಲಿ ‘ಪತ್ನಿ’ ಎಂದು ಬರೆದಿದ್ದೀರಿ. ಭಾಯಿ ದಿನಾ ಬೆಳಿಗ್ಗೆ ಸ್ಕೂಟರ್ ಹತ್ತಿ, ನಿಮ್ಮ ಬಾಲ್ಕನಿ ನೋಡುತ್ತ ‘ಬಾ! ಬಾ!’ ಎಂದು ಕೂಗುವುದನ್ನು ಇಡೀ ಸೊಸೈಟಿ ಕೇಳಿದೆ.”

ಗುಜರಾತಿಯಲ್ಲಿ ‘ಬಾ’ ಎಂದರೆ ತಾಯಿ. ಪತಿ ಕೂದಲಿಗೆ ಬಣ್ಣ ಹಚ್ಚುತ್ತಿದ್ದರು; ನಾನು ಹಚ್ಚುವವಳಲ್ಲ.

“ಕನ್ನಡದಲ್ಲಿ ‘ಬಾ’ ಎಂದರೆ ‘ಆವೋ’,” ಎಂದು ತರಗತಿಯಲ್ಲಿ ಹೇಳುವಂತೆ ಬಿಡಿಸಿ ಹೇಳಿದೆ.

“ಹಾಗಾದರೆ ತಾಯಿಗೆ ಏನೆನ್ನುತ್ತೀರಿ?”

“ಅಮ್ಮ.”

ಕಾರ್ಯದರ್ಶಿ ತಲೆದೂಗಿದರು. ಅಷ್ಟರಲ್ಲಿ ಬಾಗಿಲಾಚೆಯಿಂದ ನನ್ನವರ ದನಿ: “ಮುಗೀತೇನಮ್ಮಾ? ಬಾಮ್ಮಾ, ಹೊತ್ತಾಯ್ತು!”

ಮುಂದೆ ನನ್ನ ಯಾವ ವ್ಯಾಕರಣವೂ ನಡೆಯಲಿಲ್ಲ. ಕಾರ್ಯದರ್ಶಿ ‘ಪತ್ನಿ’ಯನ್ನು ಹೊಡೆದುಹಾಕಿ ‘ತಾಯಿ’ ಎಂದು ತಿದ್ದಿದರು. ಒಪ್ಪಿಗೆಯ ಸಹಿಯನ್ನೂ ಹಾಕಿದರು.

“ತಾಯಿಯನ್ನು ಇಷ್ಟು ಅಕ್ಕರೆಯಿಂದ ಕಾಣುವವರಿಗೆ ಮನೆ ಇಲ್ಲವೆನ್ನಲಾದೀತೇ?” ಎಂದವರು, ಕಾಗದವನ್ನು ನನ್ನ ಕೈಗಿಡುತ್ತ ಮೆಲ್ಲಗೆ ಕೇಳಿದರು: “ಎಲ್ಲ ಸರಿ, ಬಾ. ಆದರೆ ನಿಮ್ಮ ಸೊಸೆ ಎಲ್ಲಿ?”