ಮಾವನ ‘ಎಲ್ಲಾ ಅಳಿಸಿ’ ಬಟನ್

ಜಗತ್ತನ್ನು ಸೃಷ್ಟಿಸುವ ಕೆಲಸವನ್ನು ನನ್ನ ಸೋದರಮಾವನಿಗೆ ವಹಿಸಿದ್ದರೆ ಪ್ರತಿ ಹಾವಿನ ಹೆಡೆಯ ಮೇಲೂ ‘ಇದು ಕಚ್ಚುತ್ತದೆ’ ಎಂಬ ಚೀಟಿ ಇರುತ್ತಿತ್ತು! ಬೇಕಾದರೆ ಕುರುಬರಹಳ್ಳಿಯ ಅವರ ಮನೆಗೆ ಹೋಗಿ ನೋಡಿ. ಒಂದು ಸ್ವಿಚ್ಚಿನ ಮೇಲೆ ‘ಫ್ಯಾನ್. ಪಕ್ಕದ್ದಲ್ಲ.’ ಪಕ್ಕದ್ದರ ಮೇಲೆ ‘ನೀವು ಹುಡುಕುತ್ತಿರುವುದು ಇದಲ್ಲ.’

ಇಂಥವರು ನಿವೃತ್ತರಾದ ಮೇಲೆ ಸುಮ್ಮನಿರುತ್ತಾರೆಯೇ? ಕನ್ನಡದಲ್ಲಿ ಉಚಿತ ಆಪರೇಟಿಂಗ್ ಸಿಸ್ಟಂ ಮಾಡುವ ಗೆಳೆಯರ ಗುಂಪು ಸೇರಿಕೊಂಡರು. ಅದನ್ನು ಕಂಪ್ಯೂಟರಿಗೆ ಹಾಕುವಾಗ, ಡಿಸ್ಕನ್ನು ಭಾಗ ಮಾಡಿಕೊಡಿ ಎನ್ನುವ ಪರದೆಯೊಂದು ಬರುತ್ತದೆ. ಅಲ್ಲಿ ಬೆರಳು ತಪ್ಪಿದರೆ ಒಳಗಿದ್ದದ್ದೆಲ್ಲ ಮಂಗಮಾಯ! ಯಾರಿಗೂ ಅರ್ಥವಾಗದ ಆ ಪರದೆಯನ್ನು ಸುಲಭ ಮಾಡಲು ಮಾವ ಟೊಂಕ ಕಟ್ಟಿದರು.

ಮೊದಲು ‘ಪಾರ್ಟಿಷನ್’ ತೆಗೆದು ‘ಪಾಲು’ ಎಂದು ಬರೆದು, ಎದುರು ಮನೆಯ ಗೌಡರನ್ನು ಕರೆದು ಕೂರಿಸಿದರು. ‘ನಿಮ್ಮ ಪಾಲು ಎಷ್ಟು?’ ಎಂದು ಓದಿದ್ದೇ ತಡ, ಗೌಡರು ಕುರ್ಚಿ ಬಿಟ್ಟೆದ್ದರು. “ನಮ್ಮಣ್ಣನ್ನ ಕೇಳ್ದೆ ನಾನೇನೂ ಒತ್ತಲ್ಲ ಸಾರ್! ಮಾಗಡಿ ರೋಡ್ ಸೈಟಿಂದೇ ಇನ್ನೂ ಕೋರ್ಟಲ್ಲಿದೆ.”

ಆಮೇಲೆ ಡಿಸ್ಕನ್ನು ಮನೆಯ ಪ್ಲ್ಯಾನಿನಂತೆ ಬಿಡಿಸಿದರು. ಒಂದೊಂದು ಭಾಗವೂ ಒಂದೊಂದು ಕೋಣೆ. ಒಳಗೇನಿದೆ ಎಂದು ಬಾಗಿಲ ಮೇಲೆ ಬರಹ. ಅತ್ತೆ ಇಣುಕಿ ನೋಡಿ, “ಎಲ್ಲಾ ಸರಿ, ದೇವ್ರ ಮನೆ ಎಲ್ರೀ?” ಎಂದರು. ಮಾವ ಮುನಿಸಿಕೊಂಡರು. ಮಾರನೆಯ ದಿನ ಪರದೆಯ ಈಶಾನ್ಯ ಮೂಲೆಯಲ್ಲಿ ದೇವರ ಮನೆ ಎದ್ದಿತ್ತು!

ಅತ್ತೆಯದೂ ಒಂದು ಹುಚ್ಚಿದೆ. ಹೆಗ್ಗನಹಳ್ಳಿ ಕಡೆಯ ಹಳಬರ ಮನೆಗಳಲ್ಲಿ ಮದುವೆಗೆ ಸೋಬಾನೆ ಹಾಡುವ ಅಜ್ಜಿಯರನ್ನು ಹುಡುಕಿ, ಅವರ ಹಾಡುಗಳನ್ನು ತಮ್ಮ ಲ್ಯಾಪ್‌ಟಾಪಿಗೆ ತುಂಬಿಸಿಕೊಳ್ಳುವುದು. ಹಾಡಿದವರಲ್ಲಿ ಕೆಲವರು ಈಗ ಇಲ್ಲ. ಆ ಹಾಡುಗಳು ಬೇರೆಲ್ಲೂ ಇಲ್ಲ.

ಕಳೆದ ಭಾನುವಾರ ನಾನು ಹೋದಾಗ ಅಂಥ ಒಬ್ಬ ಅಜ್ಜಿ ಬಂದಿದ್ದರು. ಅತ್ತೆ ಕಾಫಿ ಮಾಡಲು ಒಳಗೆ ಹೋದರು. ಮಾವ ಬಿಡುತ್ತಾರೆಯೇ? ದಿವಾನದ ಮೇಲಿದ್ದ ಲ್ಯಾಪ್‌ಟಾಪಿಗೆ ತಮ್ಮ ಪೆನ್‌ಡ್ರೈವ್ ಚುಚ್ಚಿ, ಪರದೆ ತೆರೆದು, ಅಜ್ಜಿಯ ಮುಂದಿಟ್ಟರು.

“ಅಜ್ಜಿ, ಆ ಕೆಂಪು ಬಟನ್ ಮೇಲೆ ಏನಿದೆ ಓದಿ, ಮೌಸ್ ಒತ್ತಿ. ಏನೂ ಆಗಲ್ಲ, ಇದು ನಾನು ಪರೀಕ್ಷೆಗೆ ಇಟ್ಕೊಂಡಿರೋ ಖಾಲಿ ಲ್ಯಾಪ್‌ಟಾಪು.”

ನಾನು ಪರದೆ ನೋಡಿದೆ. ಎಲ್ಲಕ್ಕಿಂತ ದೊಡ್ಡ ಕೋಣೆಯ ಬಾಗಿಲ ಮೇಲೆ ‘ಹಾಡುಗಳು’ ಎಂದಿತ್ತು. ಅದು ಅತ್ತೆಯ ಲ್ಯಾಪ್‌ಟಾಪು! ಕೂಗಿದರೆ ಅಜ್ಜಿ ಬೆಚ್ಚಿ ಒತ್ತಿಯೇಬಿಟ್ಟಾರು ಎಂದು ಮೆಲ್ಲಗೆ ಕೈ ಚಾಚಿದೆ. ಈಗಲೂ ಕಣ್ಣು ಮುಚ್ಚಿದರೆ ಮೌಸಿನ ಮೇಲಿದ್ದ ಆ ಸುಕ್ಕುಗಟ್ಟಿದ ಬೆರಳೇ ಕಾಣುತ್ತದೆ.

ಅಜ್ಜಿ ಅಕ್ಷರ ಕೂಡಿಸಿ ಓದಿದರು. “ಎಲ್ಲಾ... ಅಳಿಸಿ.” ಬೆರಳು ಹಿಂದಕ್ಕೆ ಬಂತು. “ಎಲ್ಲಾರ್ನೂ ಅಳಿಸ್ಬೇಕಾ? ಯಾಕಪ್ಪಾ?”

“ಆ ಅಳಿಸೋದಲ್ಲ ಅಜ್ಜಿ, ಒರೆಸೋದು!”

“ಒರೆಸೋದು ಆಮೇಲೆ. ಮೊದ್ಲು ಅಳಿಸ್ಬೇಕು ತಾನೇ? ಅದಕ್ಕೆ ಗುಂಡಿ ಯಾಕೆ? ಹೆಣ್ಣು ಒಪ್ಪಿಸೋ ಹಾಡು ಹೇಳ್ತೀನಿ, ಕೂತ್ಕೋ.”

ಅಜ್ಜಿ ಶುರು ಮಾಡಿಯೇಬಿಟ್ಟರು. ಕಾಫಿ ತಂದ ಅತ್ತೆ, “ಅಯ್ಯೋ, ಅದು ನನ್ನ ಲ್ಯಾಪ್‌ಟಾಪ್ ಕಣ್ರೀ!” ಎಂದು ಚೀರಿದರು. ಮಾವ ಆಗಷ್ಟೇ ಬಾಗಿಲ ಮೇಲಿನ ಬರಹ ಓದಿದರು. ಲ್ಯಾಪ್‌ಟಾಪ್ ಮುಚ್ಚಿ, ಮಗುವಿನಂತೆ ಎದೆಗವಚಿಕೊಂಡು ನೆಲದ ಮೇಲೆ ಕೂತುಬಿಟ್ಟರು. ಬಯ್ಯಲು ಬಾಯಿ ತೆರೆದ ಅತ್ತೆ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಮಾವನ ಪಕ್ಕದಲ್ಲೇ ಕೂತರು.

ಆ ಹಾಡಿನ ಉದ್ದಕ್ಕೂ ಒಬ್ಬ ಗಂಡಸು ಬಿಕ್ಕುವ ಸದ್ದಿದೆ. ಅದನ್ನು ತೆಗೆದು ಹಾಡನ್ನು ಚೊಕ್ಕ ಮಾಡಿಕೊಡಲೇ ಎಂದು ಅತ್ತೆಯನ್ನು ಕೇಳಿದೆ.

“ಬೇಡ ಕಣೋ,” ಎಂದರು. “ಅದೊಂದನ್ನ ಅಳಿಸ್ಬೇಡ.”